ಸುಮ್ಮನಿರುವ ಸದಸ್ಯರು

ಯಾವ ಸಂಘವನ್ನೇ ನೋಡಿದರೂ ಮಾತನಾಡುವವರು ನಾಲ್ಕಾರು ಮಂದಿ, ಕೇಳಿಸಿಕೊಂಡು ಹೋಗುವವರು ಹತ್ತಾರು ಮಂದಿ, ಸಭೆಯ ಕಡೆ ತಲೆ ಹಾಕದವರು ಅದಕ್ಕಿಂತ ಹೆಚ್ಚು. ಪಟ್ಟಿಯಲ್ಲಿ ಹೆಸರಿದ್ದೂ ಮುಖ ಕಾಣದ, ಮುಖ ಕಂಡರೂ ದನಿ ಕೇಳದ ಈ ಸದಸ್ಯರನ್ನು ಸಂಘ ನಡೆಸುವವರು ಹೇಗೆ ನಡೆಸಿಕೊಳ್ಳಬೇಕು? ಮೇಲ್ನೋಟಕ್ಕೆ ಇದು ಆಡಳಿತದ ಪ್ರಶ್ನೆ. ಬುಡದಲ್ಲಿ ನ್ಯಾಯದ ಪ್ರಶ್ನೆ. ಹಳ್ಳಿಯ ಸಹಕಾರ ಸಂಘದಲ್ಲಿ ಅದು ನಿಚ್ಚಳವಾಗಿ ಕಾಣುತ್ತದೆ. ಅಲ್ಲಿ ಪ್ರತಿ ಸದಸ್ಯನೂ ಷೇರು ಹಣ ಕಟ್ಟಿದ ಪಾಲುದಾರ.

1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ನೇಕಾರರೇ ಮೊದಲಾದ ದುಡಿಮೆಗಾರರು ಕೂಡಿ ಅಂಗಡಿ ತೆರೆದರು. ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ಅವರ ಕಟ್ಟಳೆ ಸಹಕಾರ ಚಳವಳಿ ಹೋದಲ್ಲೆಲ್ಲ ಹೋಯಿತು. ಭಾರತದಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಒಂದು ಷೇರಿನವನಿಗೂ ಹತ್ತು ಷೇರಿನವನಿಗೂ ಸಮನಾದ ಮತ ಎಂದಮೇಲೆ ಬಾಯಿದ್ದವನಿಗೂ ಬಾಯಿಲ್ಲದವನಿಗೂ ಸಮನಾದ ಮತ ಎಂಬುದು ಅದರಲ್ಲೇ ಅಡಗಿದೆ.

ನಡೆಸುವವರ ಕಷ್ಟವೂ ಸುಳ್ಳಲ್ಲ. ಮಹಾಸಭೆ ಕರೆದರೆ ಕೋರಂ ಆಗುವುದಿಲ್ಲ. ಬಂದ ಬೆರಳೆಣಿಕೆಯವರನ್ನು ಕೂರಿಸಿಕೊಂಡು ಕಾಯಬೇಕು. ಪಟ್ಟಿಯಲ್ಲಿ ತೀರಿಹೋದವರ ಹೆಸರಿರುತ್ತದೆ, ಊರು ಬಿಟ್ಟು ಹೋದವರ ಹೆಸರಿರುತ್ತದೆ. ವರ್ಷಗಟ್ಟಲೆ ಸುಳಿಯದವರು ಚುನಾವಣೆಯ ದಿನ ಯಾರದೋ ಜೀಪಿನಲ್ಲಿ ಬಂದು ಮತ ಹಾಕಿ ಹೋಗುವುದೂ ಉಂಟು. ಈ ಹಿನ್ನೆಲೆಯಲ್ಲಿಯೇ ನಿಯಮಗಳು ಹುಟ್ಟಿದವು. 2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೇ ತಿದ್ದುಪಡಿಯು, ಸದಸ್ಯರು ಕನಿಷ್ಠ ಇಷ್ಟು ಸಭೆಗಳಿಗೆ ಬರಬೇಕು, ಸಂಘದ ಸೇವೆಯನ್ನು ಕನಿಷ್ಠ ಇಷ್ಟು ಬಳಸಬೇಕು ಎಂದು ರಾಜ್ಯಗಳು ಕಾನೂನು ಮಾಡಬಹುದು ಎಂದಿತು. 2021ರಲ್ಲಿ ಸುಪ್ರೀಂ ಕೋರ್ಟು, ರಾಜ್ಯಗಳ ಅನುಮೋದನೆ ಪಡೆಯದ ಕಾರಣಕ್ಕೆ, ರಾಜ್ಯದೊಳಗಿನ ಸಂಘಗಳಿಗೆ ಆ ಭಾಗ ಅನ್ವಯಿಸದು ಎಂದು ತೀರ್ಪು ಕೊಟ್ಟಿತು. ಆದರೆ ಅಷ್ಟರಲ್ಲಿ ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯ್ದೆಯೊಳಗೆ ಅಂಥ ಷರತ್ತುಗಳು ಸೇರಿದ್ದವು. ಮತದಾನಕ್ಕೆ ಅರ್ಹರು, ಅನರ್ಹರು ಎಂಬ ಎರಡು ಪಟ್ಟಿಗಳು, ಅವುಗಳ ಮೇಲಿನ ವ್ಯಾಜ್ಯಗಳು ಸಹಕಾರ ಚುನಾವಣೆಗಳಲ್ಲಿ ಮಾಮೂಲಿಯಾದವು.

ಆ ತಿದ್ದುಪಡಿಯ ಅದೇ ವಿಧಿಯಲ್ಲಿ ಇನ್ನೆರಡು ಮಾತುಗಳಿದ್ದವು. ಸದಸ್ಯನಿಗೆ ಸಂಘದ ಲೆಕ್ಕಪುಸ್ತಕ ಮತ್ತು ಮಾಹಿತಿ ಸಿಗುವಂತಿರಬೇಕು ಎಂಬುದು ಮೊದಲನೆಯದು. ಸದಸ್ಯರಿಗೆ ಸಹಕಾರದ ಶಿಕ್ಷಣ, ತರಬೇತಿ ಕೊಡಬೇಕು ಎಂಬುದು ಕೊನೆಯದು. ತೋರಿಸುವುದು ಮೊದಲು, ಬರಹೇಳುವುದು ಆಮೇಲೆ, ಕಲಿಸುವುದು ಜೊತೆಗೆ. ಆಡಳಿತದ ಕೈಗೆ ಬಂದಾಗ ಮಾತ್ರ ನಡುವಿನದೊಂದೇ ಕೋಲಿನಂತೆ ಎದ್ದು ನಿಂತಿತು.

ಹಾಲಿನ ಡೇರಿಯ ಬಾಗಿಲಲ್ಲಿ ಬೆಳಗಿನ ಆರು ಗಂಟೆಗೆ ನಿಲ್ಲುವ ಸಾಲನ್ನು ಗಮನಿಸಬಹುದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸು ಕ್ಯಾನು ಮುಂದೆ ಸರಿಸುತ್ತಾಳೆ. ಹಾಲು ಅಳೆಯುತ್ತಾರೆ, ಫ್ಯಾಟು ನೋಡುತ್ತಾರೆ, ಲೀಟರು ಬರೆದುಕೊಳ್ಳುತ್ತಾರೆ. ಆಕೆ ಖಾಲಿ ಕ್ಯಾನು ಹಿಡಿದು ಮನೆಗೆ ತಿರುಗುತ್ತಾಳೆ. ಸಂಜೆ ಮತ್ತೆ ಅದೇ ಸಾಲು. ಮಹಾಸಭೆ ಹಗಲು ಹನ್ನೊಂದಕ್ಕೆ, ಕಳೆ ಕೀಳುವ ಹೊತ್ತಿಗೆ. ಅದರ ನೋಟೀಸು ಕಚೇರಿಯ ಬಾಗಿಲಿಗೆ ಅಂಟಿದೆ. ಅದರಲ್ಲಿರುವುದು ‘ಸದರಿ’, ‘ಮೇಲ್ಕಂಡ’, ‘ಬಾಬ್ತು’ಗಳ ಭಾಷೆ. ಆಕೆ ಸಭೆಗೆ ಬರಲಿಲ್ಲ. ಹಾಜರಿ ಪುಸ್ತಕದ ಪ್ರಕಾರ ಗೈರು. ಹಾಲಿನ ಪುಸ್ತಕದ ಪ್ರಕಾರ ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಬಾರಿ ಹಾಜರು. ಸಂಘ ನಿಂತಿರುವುದು ಎರಡನೆಯ ಪುಸ್ತಕದ ಮೇಲೆ. ಹೀಗಿರುವಾಗ ಮೊದಲನೆಯದನ್ನು ಮಾತ್ರ ತೆರೆದು ಆಕೆಯನ್ನು ನಿಷ್ಕ್ರಿಯ ಎನ್ನುವುದು ಅರ್ಧ ಲೆಕ್ಕ ಓದಿದಂತೆ.

ಮೌನಗಳು ಒಂದೇ ಬಗೆಯವಲ್ಲ. ಎಲ್ಲವೂ ಸರಿಯಾಗಿ ನಡೆಯುತ್ತಿದೆ, ತಾನೇಕೆ ಬಾಯಿ ಹಾಕಲಿ ಎಂಬ ನೆಮ್ಮದಿಯ ಮೌನ ಒಂದು. ದೂರ, ಕೂಲಿ, ಕಾಯಿಲೆ, ಅಕ್ಷರ ಬಾರದ ಸಂಕೋಚ ಇವುಗಳಿಂದ ಬರುವುದು ಅಡಚಣೆಯ ಮೌನ. ಹಿಂದೊಮ್ಮೆ ಕೇಳಿದ ಪ್ರಶ್ನೆಗೆ ಸಭೆಯಲ್ಲಿ ನಗೆ ಎದ್ದಿದ್ದರೆ, ಸಾಲ ಕೊಡುವ ಕೈಯನ್ನು ಎದುರು ಹಾಕಿಕೊಳ್ಳುವ ಅಂಜಿಕೆಯಿದ್ದರೆ ಅದು ನೋವಿನ ಮೌನ. ಕೊನೆಯದು ನಿಜವಾದ ಉದಾಸೀನ. ಸತ್ತವರ, ಗುಳೆ ಹೋದವರ ಮೌನವನ್ನು ಪಟ್ಟಿ ಅದರ ಜೊತೆಗೇ ಬೆರೆಸಿಬಿಡುತ್ತದೆ. ಕಾರಣ ಬೇರೆಯಾದರೆ ಮದ್ದೂ ಬೇರೆ. ನೋವಿನಿಂದ ಸುಮ್ಮನಾದವನಿಗೆ ಉದಾಸೀನದ ದಂಡ ವಿಧಿಸಿದರೆ ಆತನ ಮೌನ ಸರಿಯೆಂದು ಸಂಘವೇ ಸಾಬೀತು ಮಾಡಿದಂತಾಗುತ್ತದೆ.

ಆಡಳಿತದಲ್ಲಿ ಇನ್ನೊಂದು ಸೂಕ್ಷ್ಮ ವಂಚನೆಯಿದೆ. ಜಮಾ ಖರ್ಚಿಗೆ ಮಂಜೂರಾತಿ ಕೇಳುವಾಗ ಹಿಂದಿನ ಸಾಲುಗಳಿಂದ ದನಿ ಬಾರದಿದ್ದರೆ, ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಸರ್ವಾನುಮತದ ಠರಾವು ಬರೆಯುತ್ತಾರೆ. ಮತದಾರರ ಪಟ್ಟಿ ತಯಾರಿಸುವಾಗ ಅದೇ ಮೌನ ಅನರ್ಹತೆಯಾಗುತ್ತದೆ. ಬೇಕಾದಾಗ ಒಪ್ಪಿಗೆ, ಬೇಡವಾದಾಗ ಅಪರಾಧ ಎಂಬ ಎರಡು ತಕ್ಕಡಿಯನ್ನು ಒಂದೇ ಅಂಗಡಿಯಲ್ಲಿ ಇಡಲಾಗದು. ಎದುರು ಗುಂಪಿನವರ ಗೈರನ್ನು ಎಣಿಸಿ ತಮ್ಮವರ ಗೈರಿಗೆ ಕಣ್ಣು ಮುಚ್ಚಿದರೆ, ಪಟ್ಟಿ ಶುದ್ಧ ಮಾಡುವ ಕೆಲಸ ಚುನಾವಣೆ ಗೆಲ್ಲುವ ಕೆಲಸವಾಗಿಬಿಡುತ್ತದೆ.

ಸರಿಯಾದ ನಡೆಗೆ ಒಂದು ಕ್ರಮವಿದೆ. ಮೊದಲು ತೀರಿಹೋದವರನ್ನು, ಇರುವವರನ್ನು ಬೇರೆ ಮಾಡಬೇಕು; ತೀರಿಹೋದವರ ಷೇರು ಹಣ ವಾರಸುದಾರರಿಗೆ ಸೇರಬೇಕು. ಎರಡನೆಯದು ವಿಚಾರಣೆ: ಬಟವಾಡೆಯ ದಿನ ಕಾರ್ಯದರ್ಶಿ ಕೇಳುವ ‘ಸಭೆಗೆ ಯಾಕೆ ಬರಲಿಲ್ಲವಮ್ಮಾ?’ ಎಂಬ ಒಂದು ಮಾತು ಹತ್ತು ನೋಟೀಸುಗಳಿಗಿಂತ ಹೆಚ್ಚು ತಿಳಿಸುತ್ತದೆ. ಮೂರನೆಯದು ಬಾಗಿಲು ಅಗಲ ಮಾಡುವುದು: ಸಭೆಯ ಹೊತ್ತು ಹೊಲದ ಕೆಲಸಕ್ಕೆ ಹೊಂದಬೇಕು, ಲೆಕ್ಕ ಆಡುಮಾತಿನಲ್ಲಿ ಓದಬೇಕು, ಹಿಂದೆ ಕೂತವರನ್ನು ಹೆಸರು ಹಿಡಿದು ಕೇಳಬೇಕು. ಇಷ್ಟಾದ ಮೇಲೆ ನಿಯಮ ಅನ್ವಯಿಸಲಿ. ಆಗಲೂ ಆ ವ್ಯಕ್ತಿಗೆ ಮುಂಚೆಯೇ ತಿಳಿಸಬೇಕು, ಆತನ ಮಾತು ಕೇಳಬೇಕು. ಕೇಳದೆ ತೀರ್ಮಾನಿಸಬಾರದು ಎಂಬುದು ಸಹಜ ನ್ಯಾಯದ ಮೊದಲ ಪಾಠ. ಮತದ ಹಕ್ಕು ನಿಲ್ಲುವುದಕ್ಕೂ ಸದಸ್ಯತ್ವ ಹೋಗುವುದಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕು. ಮರಳಿ ಬರುವ ದಾರಿಯನ್ನು ಅದೇ ಕಾಗದದಲ್ಲಿ ಬರೆದಿರಬೇಕು.

ಸದಸ್ಯನಿಗೂ ಹೊಣೆಯಿದೆ. ಕಾಯಿಲೆ, ಕೂಲಿ ಕಾರಣವಾಗಬಲ್ಲವು; ಸೋಮಾರಿತನ ಆಗದು. ತನ್ನ ಪಾಲಿನ ಲೆಕ್ಕವನ್ನು ವರ್ಷಕ್ಕೊಮ್ಮೆಯೂ ಕೇಳದವನು, ಲೆಕ್ಕ ತಪ್ಪಿದ ದಿನ ದೂರುವಾಗ ಅರ್ಧ ತಪ್ಪನ್ನು ತನ್ನ ಹೆಸರಿಗೇ ಬರೆದುಕೊಳ್ಳಬೇಕಾಗುತ್ತದೆ. ಆದರೆ ಇಬ್ಬರ ಹೊಣೆ ಸಮನಲ್ಲ. ಕೀಲಿಕೈ, ಪಟ್ಟಿ, ಮೊಹರು ಇರುವುದು ನಡೆಸುವವರ ಬಳಿ. ಆದ್ದರಿಂದ ಮೊದಲ ಹೆಜ್ಜೆಯೂ ಅವರದೇ: ಹೆಸರಿನ ಮೇಲೆ ಗೆರೆ ಎಳೆಯುವ ಮುನ್ನ ಹಾಜರಿ ಪುಸ್ತಕದ ಪಕ್ಕದಲ್ಲಿ ಹಾಲಿನ ಪುಸ್ತಕವನ್ನೂ ತೆರೆದಿಟ್ಟುಕೊಳ್ಳುವುದು.