ಗಿರಾಕಿ ಎದ್ದು ಹೋದ ಮೇಲೆ

ಉಗುರಿಗೆ ಹೊಳಪು ಬಂತು, ದುಡ್ಡು ಕೊಟ್ಟಾಯಿತು, ಚಪ್ಪಲಿ ಮೆಟ್ಟಿ ಹೊರಟೆವು. ಆಮೇಲೆ ಪಾರ್ಲರಿನಲ್ಲಿ ಏನು ನಡೆಯುತ್ತದೆ ಎಂದು ಯಾರು ನೋಡುತ್ತಾರೆ? ಈ ವಾರ ತಂಗಿಗಾಗಿ ಕಾಯುತ್ತ ಕೂತಿದ್ದರಿಂದ ನನಗೆ ಕಂಡಿತು. ಉಗುರು ಉಜ್ಜುವ ಕರೆಂಟಿನ ಮೆಷಿನ್ ಆರಿಸಿ, ಅದರ ತಿರುಗುವ ತುದಿಯನ್ನು ಕಳಚಿ, ಅಲ್ಲಿನ ಹುಡುಗಿ ಪುಟ್ಟ ಬ್ರಶ್ಶಿನಿಂದ ಸಂದುಸಂದನ್ನೂ ತಿಕ್ಕಿದಳು. ಬಿಳಿ ಪುಡಿ ಉದುರಿತು. ಸೋಪಿನ ನೀರಲ್ಲಿ ತೊಳೆದು, ಒರೆಸಿ, ಡಬ್ಬಿಯಲ್ಲಿದ್ದ ಕ್ರಿಮಿ ಕೊಲ್ಲುವ ಔಷಧದಲ್ಲಿ ಪೂರ್ತಿ ಮುಳುಗಿಸಿ ಗಡಿಯಾರ ನೋಡಿದಳು. ಮುಂದಿನವರಿಗೆ ಅವಸರ. "ಹತ್ತು ನಿಮಿಷ ಆಗ್ಲೇಬೇಕು ಆಂಟಿ" ಅಂದಳು, ಮೆತ್ತಗೆ.

ಆ ಹತ್ತು ನಿಮಿಷಕ್ಕೆ ಬಿಲ್ಲಿನಲ್ಲಿ ಜಾಗವಿಲ್ಲ.

ಮೊದಲು ತಿಕ್ಕಿ ತೊಳೆಯುವುದು, ಔಷಧ ಆಮೇಲೆ. ಈ ಕ್ರಮ ತಪ್ಪಬಾರದು. ಪುಡಿ ಮೆತ್ತಿದ ಹಾಗೇ ಅದ್ದಿದರೆ ಅದರ ಅಡಿಯಲ್ಲಿರುವ ಕ್ರಿಮಿಗೆ ಔಷಧ ತಾಗುವುದೇ ಇಲ್ಲ. ಉಗುರನ್ನು ಹಳದಿಯಾಗಿಸಿ ದಪ್ಪಗಾಗಿಸುವ ಶಿಲೀಂಧ್ರ ಇದೆಯಲ್ಲ, ಬಲು ಹಠಮಾರಿ. ಉದುರಿದ ಪುಡಿಯಲ್ಲೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕುತ್ತದೆ. ಇನ್ನು ನಮ್ಮ ಉಗುರಿನ ಲೆಕ್ಕ ನೋಡಿ: ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲುಗುರು ಅದರರ್ಧ. ಕಾಲಿನ ಹೆಬ್ಬೆರಳ ಉಗುರು ಕೆಟ್ಟರೆ ಹೊಸದು ಪೂರ್ತಿ ಬರಲು ವರ್ಷವೋ ಒಂದೂವರೆ ವರ್ಷವೋ ಬೇಕು. ಹತ್ತು ನಿಮಿಷ ಉಳಿಸಿದ್ದಕ್ಕೆ ಯಾರದೋ ಕಾಲು ತೆರುವ ಬಾಕಿ ಅದು.

ಮೆಷಿನ್ನಿಗೂ ಅದರದೇ ಮರ್ಯಾದೆ ಇದೆ. ಕೈಯಲ್ಲಿ ಹಿಡಿಯುವ ಭಾಗದೊಳಗೆ ಮೋಟಾರ್ ಇರುತ್ತದೆ, ಅದನ್ನು ನೀರಿಗೆ ಹಾಕುವಂತಿಲ್ಲ. ಪ್ಲಗ್ ತೆಗೆದು, ಔಷಧ ತಾಗಿಸಿ ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು. ತೊಳೆದ ತುದಿಗಳು ಚೆನ್ನಾಗಿ ಒಣಗದೆ ಪೆಟ್ಟಿಗೆ ಸೇರಿದರೆ ತುಕ್ಕು. ತುದಿ ಸಿಕ್ಕಿಸುವ ತೂತನ್ನು ಬಾಯಿ ತೆರೆದು ಇಟ್ಟರೆ ಒಳಗೆ ಪುಡಿ ಕೂತು, ಮೆಷಿನ್ ಬಿಸಿಯಾಗಿ ನಡುಗತೊಡಗುತ್ತದೆ. ನಡುಗುವ ಮೆಷಿನ್ ಉಗುರಿನ ಬುಡವನ್ನು ಕೊರೆದುಬಿಡಬಹುದು. ತುದಿಗೆ ತೊಡಿಸುವ ಮರಳುಕಾಗದದ ಸುರುಳಿಯನ್ನಂತೂ ತೊಳೆದು ಉಳಿಸುವ ಪ್ರಶ್ನೆಯೇ ಇಲ್ಲ, ಒಬ್ಬರಿಗೆ ಒಂದು, ಆಮೇಲೆ ಕಸಕ್ಕೆ.

ಈಗ ಈ ಮೆಷಿನ್ನುಗಳು ಮನೆಗಳಿಗೂ ಬಂದಿವೆ. ಬಗ್ಗಲಾರದ ಅಪ್ಪ, ಕಣ್ಣು ಮಂಜಾದ ಅಜ್ಜಿ, ಅವರ ಕಲ್ಲಿನಂಥ ಕಾಲುಗುರು ಕತ್ತರಿಗೆ ಬಗ್ಗುವುದಿಲ್ಲ. ಮಕ್ಕಳು ಪ್ರೀತಿಯಿಂದ ಕೂತು ಉಜ್ಜುತ್ತಾರೆ, ಒಳ್ಳೆಯದೇ. ಆದರೆ ಸಕ್ಕರೆ ಕಾಯಿಲೆಯವರ ಪಾದಕ್ಕೆ ಗಾಯವಾದದ್ದೇ ಎಷ್ಟೋ ಸಲ ತಿಳಿಯುವುದಿಲ್ಲ. ಅಂಥವರ ಉಗುರನ್ನು ಉಜ್ಜುವ ಮೊದಲು ವೈದ್ಯರನ್ನು ಕೇಳುವುದು ಕ್ಷೇಮ. ಮನೆಯವರೇ ಆದರೂ ಒಬ್ಬೊಬ್ಬರಿಗೆ ಒಂದೊಂದು ತುದಿ ಬೇರೆ ಇರಲಿ.

ಏಡ್ಸ್ ಭಯ ಹಬ್ಬಿದ ಕಾಲದಲ್ಲಿ ಕ್ಷೌರದಂಗಡಿಯಲ್ಲಿ "ಹೊಸ ಬ್ಲೇಡು ಹಾಕಿ" ಅನ್ನುವುದನ್ನು ಕಲಿತೆವು. ಮೊದಮೊದಲು ಸಂಕೋಚವಿತ್ತು. ಈಗ ನಾವು ಹೇಳುವ ಮೊದಲೇ ಅವರು ಹೊಸ ಬ್ಲೇಡಿನ ಕಾಗದ ಬಿಚ್ಚುತ್ತಾರೆ. ಉಗುರಿನ ಮೆಷಿನ್ನಿನ ಮುಂದೆ ಕೂತಾಗಲೂ ಹಾಗೇ, ತುದಿ ತೊಳೆದು ಔಷಧದಲ್ಲಿ ಅದ್ದಿದ್ದೀರಾ ಎಂದು ಕೇಳಿ, ನಗುತ್ತಲೇ ಕೇಳಿ. ನಿಮ್ಮ ಮನೆಯ ಕಪಾಟಿನಲ್ಲಿ ಅಂಥದ್ದೊಂದು ಇದ್ದರೆ ಇವತ್ತು ಬಿಡುವು ಮಾಡಿಕೊಂಡು ಅದರ ತುದಿಯನ್ನು ಒಮ್ಮೆ ಕಳಚಿ ನೋಡಿ.