ಚಳಿ ಎಂಬ ಮಾತು

ಮಾಗಿಯ ದಿನಗಳಲ್ಲಿ ಈ ಮಾತನ್ನು ಆಡದ ಬಾಯಿಯಿಲ್ಲ. ಆದರೆ ಚಳಿಯೆಂದರೆ ಹೊರಗಿನ ಹವೆಯೋ, ಒಳಗಿನ ನಡುಕವೋ? ನಮ್ಮ ನುಡಿಗಟ್ಟುಗಳನ್ನು ವಿಚಾರಿಸಿದರೆ ಅವು ಎರಡನೆಯದರ ಕಡೆಗೇ ವಾಲುತ್ತವೆ. ಬೆಂಕಿಯ ಮುಂದೆ ಕುಳಿತವರು 'ಚಳಿ ಕಾಯಿಸುತ್ತಿದ್ದೇವೆ' ಎನ್ನುವುದನ್ನು ತಾವೂ ಕೇಳಿರಬಹುದು. ಚಳಿಯನ್ನು ಕಾಯಿಸುವುದೆಂತು? ತರ್ಕಕ್ಕೆ ಇದು ವಿಚಿತ್ರ. ಚಳಿಯೂ ಮೈಯೂ ಒಂದೇ ಎಂದು ಬಗೆದಾಗ ಮಾತ್ರ ಒಪ್ಪುವ ಮಾತು. ಸಂಕೋಚ ತೊರೆದವನು ಮೈಚಳಿ ಬಿಟ್ಟವನು. ಪುಂಡನಿಗೆ ನಾಲ್ಕು ಏಟು ಕೊಟ್ಟು ಚಳಿ ಬಿಡಿಸುವುದುಂಟು. ಮಲೇರಿಯ ನಮಗೆ ಚಳಿಜ್ವರ: ಮೈ ಕೆಂಡದಂತಿದ್ದರೂ ರೋಗಿ ಕಂಬಳಿ ಕೇಳುತ್ತಾನೆ. ಉಷ್ಣಮಾಪಕದ ಲೆಕ್ಕ ಒಂದು, ಮಾತಿನ ಲೆಕ್ಕ ಇನ್ನೊಂದು.

ಪದ ದ್ರಾವಿಡ ಮೂಲದ್ದು. ತೆಲುಗಿನ 'ಚಲಿ' ಅರ್ಥದಲ್ಲಿಯೂ ನಮ್ಮದರ ಅವಳಿ. ತಮಿಳಿನ 'ಸಳಿ' ಇಂದು ಮುಖ್ಯವಾಗಿ ನೆಗಡಿ, ಕಫ. ಹವೆಯ ಹೆಸರು ಹೀಗೆ ರೋಗಕ್ಕೆ ಇಳಿಯುವುದು ಇದೊಂದರ ಹಣೆಬರಹವಲ್ಲ. 'ಪನಿ' ಎಂಬ ಪದವನ್ನು ನೋಡಿ: ತಮಿಳಿನಲ್ಲಿ ಇಬ್ಬನಿ, ಹಿಮ, ಮಲಯಾಳದಲ್ಲಿ ಜ್ವರ, ಕನ್ನಡದಲ್ಲಿ ಪಕಾರ ಹಕಾರವಾಗಿ ಬರಿಯ ಹನಿ. ನಮ್ಮಲ್ಲಿ ಚಳಿಯೆಲ್ಲ ಆರಿ ತೇವ ಮಾತ್ರ ಉಳಿಯಿತು. 'ಇಬ್ಬನಿ'ಯೊಳಗೆ ಮಾತ್ರ ಅದರ ತಂಪು ಇನ್ನೂ ಇದೆ.

ಚಳಿ ವಿಪರೀತವಾದಾಗ ಕನ್ನಡಿಗನು ಹೊಸ ಪದ ಹುಡುಕಲಿಲ್ಲ, 'ಕೊರೆಯುವ ಚಳಿ' ಎಂದನು. ಕಲ್ಲು ಕೊರೆಯುವ, ಬಾವಿ ಕೊರೆಯುವ ಅದೇ ಕೊರೆ. ಹಳಗನ್ನಡದಲ್ಲಿ ಱಕಾರವಿದ್ದ ಧಾತು. ನೀರು ಹೆಪ್ಪುಗಟ್ಟುವ ಅನುಭವ ನಮ್ಮ ನಾಡಿಗೆ ಅಪರೂಪ. ಬೆಂಗಳೂರಿನ ದಾಖಲೆಯ ಚಳಿಯೆಂದರೆ 1884ರ ಜನವರಿ 13ರಂದು ಇಳಿದ 7.8 ಡಿಗ್ರಿ ಸೆಲ್ಸಿಯಸ್. ಹೀಗಾಗಿ 'ಹಿಮ'ವನ್ನು ಸಂಸ್ಕೃತದಿಂದ ಪಡೆದೆವು. ಅದರ ಬಳಗ ದೊಡ್ಡದು. ಲ್ಯಾಟಿನ್ನಿನ 'ಹೀಯೆಮ್ಸ್', ರಷ್ಯನ್ನಿನ 'ಜಿಮಾ' ಎರಡೂ ಅದರ ಸೋದರರು, ಎರಡಕ್ಕೂ ಚಳಿಗಾಲವೆಂದೇ ಅರ್ಥ. ನೂರು ವರ್ಷ ಬಾಳಬಯಸಿದ ಋಗ್ವೇದದ ಋಷಿಗಳು ನೂರು ಹಿಮಗಳನ್ನು ಬೇಡಿದರು. ಚಳಿಗಾಲವನ್ನು ದಾಟುವುದೇ ಅವರಿಗೆ ಆಯುಷ್ಯದ ಅಳತೆ.

ಇಷ್ಟನ್ನು ಹೇಳಲು ಕಾರಣವಿದೆ. ಹವಾಮಾನ ವಾರ್ತೆಯಲ್ಲಿ 'ಶೀತ ಅಲೆ' ಎಂಬ ಎಚ್ಚರಿಕೆ ಬರುತ್ತದೆ. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿ ಅಥವಾ ಅದಕ್ಕೂ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಕುಸಿದಾಗ ಸಾಮಾನ್ಯವಾಗಿ ಹಾಗೆನ್ನುತ್ತಾರೆ. ಲೆಕ್ಕ ಸರಿಯೇ. ಪದ ಸರಿಯೆ? ಆಡುಮಾತಿನಲ್ಲಿ ಶೀತವೆಂದರೆ ಮೂಗು ಸೋರುವುದು, ಇಲ್ಲವೆ ಸೌತೆಕಾಯಿಯ ಗುಣ. ಇಂಗ್ಲಿಷಿನ ಅಲೆಯನ್ನು ಅದಕ್ಕೆ ಅಂಟಿಸಿದರೆ ಪಂಡಿತರಿಗೆ ತಿಳಿದೀತು. ಬೀದರಿನ ಬಯಲಿನಲ್ಲಿ ಇರುಳೆಲ್ಲ ಹೊಲ ಕಾಯುವ ರೈತನಿಗೆ, ಬಸ್ ನಿಲ್ದಾಣದ ಕಲ್ಲಿನ ಮೇಲೆ ಮಲಗುವ ಕೂಲಿಯವನಿಗೆ ಅದು ಪ್ರಾಣದ ಪ್ರಶ್ನೆ. ಅವನಿಗೆ ಅದು ಅವನ ಮಾತಿನಲ್ಲಿಯೇ ತಲುಪಬೇಕು. 'ಈ ರಾತ್ರಿ ಕೊರೆಯುವ ಚಳಿ ಬೀಳಲಿದೆ' ಎಂದು ಹೇಳಿ ನೋಡಿ. ಒಬ್ಬನು ಹೊದಿಕೆ ಹುಡುಕುತ್ತಾನೆ. ಇನ್ನೊಬ್ಬನು ಕರುವನ್ನು ಒಳಗೆ ಕಟ್ಟುತ್ತಾನೆ.