ಹಳೆಯ ಗಣಕಯಂತ್ರವನ್ನು ಗುಜರಿಗೆ ಹಾಕುವ ಮುನ್ನ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಇಂಥ ಸಂದರ್ಭ ಬಂದಾಗಲೆಲ್ಲ ಶಾಲೆ, ಮದ್ರಸ, ಕಚೇರಿಗಳಲ್ಲಿ ಹಳೆಯ ಯಂತ್ರಗಳನ್ನು ಒಟ್ಟಿಗೆ ಗುಜರಿಗೆ ಕೊಟ್ಟುಬಿಡುವ ಮಾತು ಏಳುತ್ತದೆ. ಕೊಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಮೂಲೆಯಲ್ಲಿ ವಿಂಡೋಸ್ 98 ಅಥವಾ ಎಕ್ಸ್‌ಪಿ ಇರುವ ಒಂದು ಯಂತ್ರವಿದ್ದರೆ ಅದನ್ನು ಮಾತ್ರ ದಯವಿಟ್ಟು ಉಳಿಸಿಕೊಳ್ಳಿ.

ಕಾರಣ ಹೇಳುತ್ತೇನೆ. ತೊಂಬತ್ತರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ ನಮ್ಮ ಊರುಗಳಲ್ಲಿ ವಾರ್ಷಿಕ ಸಂಚಿಕೆ, ಜಮಾಅತಿನ ಕರಪತ್ರ, ಬ್ಯಾರಿ ಭಾಷೆಯ ಹಾಡು ಕತೆಗಳು ಇವೆಲ್ಲ ತಯಾರಾದದ್ದು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳಲ್ಲಿ. ಪುಟ ಕಟ್ಟಿದ್ದು ಪೇಜ್‌ಮೇಕರಿನಲ್ಲಿ. ಆ ಕಾಲದ ಫಾಂಟಿನಲ್ಲಿ ಇದ್ದದ್ದು 256 ಮನೆಗಳು. ಅವೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲು. ಫಾಂಟ್ ಮಾಡಿದವರು ಆ ಮನೆಗಳಲ್ಲಿಯೇ ಕನ್ನಡದ ತಲೆಕಟ್ಟು, ಗುಣಿತ, ಒತ್ತುಗಳನ್ನು ಬಿಡಿಬಿಡಿಯಾಗಿ ಕೂರಿಸಿದರು. ಆದ್ದರಿಂದ ಕಡತದ ಒಳಗೆ ಇರುವುದು ನಿಜವಾಗಿ ಕನ್ನಡವಲ್ಲ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ನುಡಿಯಲ್ಲಿ ಬರೆದದ್ದಕ್ಕೆ ಶ್ರೀಲಿಪಿಯ ಫಾಂಟ್ ಹಾಕಿದರೂ ಅದೇ ಗತಿ. ಎಕ್ಸ್‌ಪಿಯ ಜೊತೆಗೆ ತುಂಗಾ ಎಂಬ ಯೂನಿಕೋಡ್ ಫಾಂಟ್ ಬಂತು ನಿಜ, ಆದರೆ ಮುದ್ರಣಾಲಯಗಳು ಬಹುಕಾಲ ಹಳೆಯ ದಾರಿಯನ್ನೇ ಹಿಡಿದಿದ್ದವು.

ಇಲ್ಲಿ ಒಂದು ಮಾತು ಸೇರಿಸಬೇಕು. ನುಡಿಯ ಕೀಲಿಮಣೆ ವಿನ್ಯಾಸದ ಮೂಲ ನಮ್ಮ ಜಿಲ್ಲೆಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರದು. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ಇಟ್ಟ ಹೆಸರು ‘ಸೇಡಿಯಾಪು’, ನಮ್ಮ ಕಡೆಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಅಂಥ ತಂತ್ರಾಂಶ ಓಡುವ ಯಂತ್ರ ಇಂದು ಯಾವ ಶಾಲೆಯಲ್ಲಿದೆ? ವಿದ್ಯಾರ್ಥಿಗಳು ಹುಡುಕಬಹುದು.

ಉರ್ದುವಿನ ಸ್ಥಿತಿ ಇನ್ನೂ ಕಷ್ಟ. ಮಿರ್ಜಾ ಅಹ್ಮದ್ ಜಮೀಲ್ ಅವರ ನೂರಿ ನಸ್ತಾಲೀಖ್ 1981ರಲ್ಲಿ ಬಂದಾಗ ಕಾತಿಬರ ಕೈಬರಹ ಯಂತ್ರಕ್ಕೆ ಇಳಿಯಿತು. ಅದನ್ನು ಸಾಮಾನ್ಯರ ಮೇಜಿಗೆ ತಂದದ್ದು 1994ರ ಇನ್‌ಪೇಜ್. ಅದರ ಹಳೆಯ ಕಡತವನ್ನು ಯೂನಿಕೋಡಿಗೆ ಬದಲಾಯಿಸಿದರೆ ಅಕ್ಷರ ಉಳಿಯುತ್ತದೆ, ಪುಟದ ಅಂದ ಉಳಿಯುವುದಿಲ್ಲ. ಗಜಲಿನ ಎರಡು ಸಾಲು ಸಮನಾಗಿ ಕೂರುವುದು ಉರ್ದು ಓದುವವನಿಗೆ ಅಲಂಕಾರವಲ್ಲ, ಓದಿನ ಭಾಗ.

‘ಎಲ್ಲವನ್ನೂ ಯೂನಿಕೋಡ್ ಮಾಡಿ ಮುಗಿಸೋಣ ಮಾಷ್ಟ್ರೇ’ ಎನ್ನುವವರಿದ್ದಾರೆ. ಮಾಡಲೇಬೇಕು. ಆದರೆ ಪರಿವರ್ತಕಗಳು ಅರ್ಕಾವತ್ತಿನಲ್ಲಿ, ಒತ್ತಕ್ಷರದಲ್ಲಿ ಆಗಾಗ ಎಡವುತ್ತವೆ. ಬ್ಯಾರಿ ಪದಗಳಿಗೆ ತಪ್ಪು ತಿದ್ದುವ ನಿಘಂಟು ಯಂತ್ರದಲ್ಲಿ ಸಿಗುವುದಿಲ್ಲ. ಮೂಲ ಹೇಗಿತ್ತು ಎಂದು ತಾಳೆ ನೋಡಲು ಹಳೆಯ ಯಂತ್ರವೇ ಸಾಕ್ಷಿ. ಅರಬಿ ಮಲಯಾಳಂ ಲಿಪಿಯ ಕಿತಾಬುಗಳನ್ನು ಓದಬಲ್ಲವರು ಕಡಿಮೆಯಾದರೂ ನಾವು ಕಪಾಟಿನಿಂದ ಎಸೆದಿಲ್ಲವಲ್ಲ, ಹಾಗೆ.

ಯಂತ್ರ ಉಳಿದರೆ ಸಾಲದು, ಅದರ ಅಪ್‌ಡೇಟುಗಳೂ ಉಳಿಯಬೇಕು. ಇದನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಎಕ್ಸ್‌ಪಿ ಬಂದದ್ದು 2001ರಲ್ಲಿ, ಮೂರನೆಯ ಸರ್ವಿಸ್ ಪ್ಯಾಕ್ 2008ರಲ್ಲಿ, ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಹಾವಳಿಯಿಟ್ಟಾಗ ಎಕ್ಸ್‌ಪಿಗೂ ಒಂದು ವಿಶೇಷ ದುರಸ್ತಿ ಕೊಟ್ಟರು. 2020ರ ಆಗಸ್ಟಿನಲ್ಲಿ ಹಳೆಯ ಮಾದರಿಯ ಸಹಿ ಇದ್ದ ಕಡತಗಳನ್ನು ಕಂಪನಿ ತನ್ನ ಡೌನ್‌ಲೋಡ್ ಕೇಂದ್ರದಿಂದ ತೆಗೆದುಹಾಕಿತು. ಈಗ ಹಾರ್ಡ್ ಡಿಸ್ಕ್ ಕೆಟ್ಟು, 2001ರ ಸಿಡಿಯಿಂದ ಎಕ್ಸ್‌ಪಿಯನ್ನು ಮತ್ತೆ ಹಾಕಿದರೆ ಅದಕ್ಕೆ ಇಂದಿನ ಜಾಲತಾಣಗಳ ಭದ್ರತಾ ಪತ್ರವೇ ಅರ್ಥವಾಗುವುದಿಲ್ಲ. ಅದನ್ನು ಕಲಿಸುವ ಅಪ್‌ಡೇಟ್ ಅಂತರ್ಜಾಲದಲ್ಲಿದೆ. ಬೀಗದ ಕೈ ಕೋಣೆಯ ಒಳಗೇ ಉಳಿದ ಹಾಗೆ.

ಪುಣ್ಯಕ್ಕೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಬಹಳಷ್ಟು ಕಡತಗಳಿವೆ. 2022ರಲ್ಲಿ ಶುರುವಾದ ‘ಲೆಗಸಿ ಅಪ್‌ಡೇಟ್’ ಎಂಬ ಉತ್ಸಾಹಿಗಳ ಯೋಜನೆ ಎಕ್ಸ್‌ಪಿಯಂಥ ವ್ಯವಸ್ಥೆಗಳಿಗೆ ಅಪ್‌ಡೇಟ್ ಒದಗಿಸುತ್ತದೆ. ಯಾರೋ ಕೊಟ್ಟ ಕಡತವಾದರೆ ಪ್ರಾಪರ್ಟೀಸ್‌ನಲ್ಲಿ ಕಂಪನಿಯ ಡಿಜಿಟಲ್ ಸಹಿ ಇದೆಯೇ ಎಂದು ನೋಡಿಯೇ ಬಳಸಿ. ಕಾನೂನಿನ ಪ್ರಶ್ನೆಯೂ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು, ನ್ಯಾಯಬದ್ಧವಾಗಿ ತಂತ್ರಾಂಶ ಹೊಂದಿದವನು ನಷ್ಟದ ರಕ್ಷಣೆಗೆ ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಅಂದು ಅಸೆಂಬಲ್ ಮಾಡಿಸಿದ ಯಂತ್ರಗಳಲ್ಲಿ ಎಷ್ಟಕ್ಕೆ ಅಸಲಿ ಪರವಾನಗಿ ಇತ್ತು ಎಂದು ಈ ಸಭೆಯಲ್ಲಿ ನಾನು ಕೇಳುವುದಿಲ್ಲ!

ಕೆಲಸ ಹೇಗೆ ಮಾಡುವುದು? ವಿಂಡೋಸ್ 98 ಪೆನ್‌ಡ್ರೈವನ್ನು ಡ್ರೈವರ್ ಇಲ್ಲದೆ ಗುರುತಿಸುವುದಿಲ್ಲ. ಹಾರ್ಡ್ ಡಿಸ್ಕನ್ನೇ ಬಿಚ್ಚಿ, ಅಡಾಪ್ಟರ್ ಮೂಲಕ ಹೊಸ ಯಂತ್ರಕ್ಕೆ ಜೋಡಿಸಿ ಇಡೀ ಡಿಸ್ಕಿನ ಇಮೇಜ್ ತೆಗೆಯಬೇಕು. ಎರಡು ಪ್ರತಿ ಮಾಡಿ ಎರಡು ಊರಲ್ಲಿ ಇಡಿ, ಒಂದು ಪುತ್ತೂರಿನಲ್ಲಾದರೆ ಇನ್ನೊಂದು ಸುಳ್ಯದಲ್ಲಿ. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವಿದ್ದರೆ ಹೊಸ ಯಂತ್ರದೊಳಗೇ ಹಳೆಯ ವಿಂಡೋಸನ್ನು ಓಡಿಸಬಹುದು. ಆದರೆ ಇನ್‌ಪೇಜಿನ ಹಳೆಯ ಆವೃತ್ತಿ ಡಾಂಗಲ್ ಕೇಳಿದರೆ ಮೂಲ ಯಂತ್ರವೇ ಬೇಕು. ಅದಕ್ಕೆ ಅಂತರ್ಜಾಲ ಸಂಪರ್ಕ ಕೊಡಲೇಬೇಡಿ. ನಮ್ಮ ಮಳೆಗೆ ಸಿಡಿಗಳ ಮೇಲೆ ಬೂಸು ಹಿಡಿಯುತ್ತದೆ, ಸಿಡಿಲಿಗೆ ಮದರ್‌ಬೋರ್ಡ್ ಸುಡುತ್ತದೆ. ಪ್ಲಗ್ ಕಿತ್ತಿಡಿ, ತಿಂಗಳಿಗೊಮ್ಮೆ ಚಾಲೂ ಮಾಡಿ. ಯಾವ ಕಡತ ಯಾವ ತಂತ್ರಾಂಶದ ಎಷ್ಟನೆಯ ಆವೃತ್ತಿಯದು ಎಂಬುದನ್ನು ಒಂದು ಪುಸ್ತಕದಲ್ಲಿ ಪೆನ್ನಿನಿಂದಲೇ ಬರೆದಿಡಿ.

ಗಣಕ ವಿಜ್ಞಾನ ಓದುವ ಪಿಯುಸಿ ಮಕ್ಕಳು ಈ ರಜೆಯಲ್ಲಿ ಪುತ್ತೂರು, ಸುಳ್ಯ, ಕಡಬದ ಡಿಟಿಪಿ ಅಂಗಡಿಗಳಿಗೆ ಹೋಗಿ ಕೇಳಲಿ. ಸದಸ್ಯರು ಮನೆಯಲ್ಲಿರುವ ಹಳೆಯ ಸಿಡಿ, ಫ್ಲಾಪಿ, ಲೈಸೆನ್ಸ್ ಚೀಟಿಗಳನ್ನು ಮಳೆಗಾಲಕ್ಕೆ ಮೊದಲು ಸಂಘದ ಕಚೇರಿಗೆ ತಲುಪಿಸಲಿ. ಚೀಟಿಯಿಲ್ಲದ ಸಿಡಿಯನ್ನೂ ಎಸೆಯಬೇಡಿ, ತೆರೆದು ನೋಡೋಣ.